ಪ್ರಶ್ನೆ ಕೇಳುವ ಮಗುವನ್ನು ಸುಮ್ಮನಾಗಿಸಬೇಡಿ

(ಪೋಷಕರು ಮತ್ತು ಮದ್ರಸಾ ಅಧ್ಯಾಪಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)





ಒಮ್ಮೆ ಪ್ರವಾದಿವರ್ಯರು(ಸ) ತಮ್ಮ ಅನುಚರರ ನಡುವೆ ಕುಳಿತಿದ್ದರು. ಎಲೆ ಉದುರದ ಮರವೊಂದಿದೆ, ಅದು ಸತ್ಯವಿಶ್ವಾಸಿಗೆ ಹೋಲಿಕೆಯಾಗಿದೆ, ಅದು ಯಾವುದೆಂದು ಹೇಳಬಲ್ಲಿರಾ ಎಂದು ಅವರು ಕೇಳಿದರು. ಸಭೆಯಲ್ಲಿದ್ದವರ ಆಲೋಚನೆ ಮರುಭೂಮಿಯ ಮರಗಳತ್ತ ಹರಿಯಿತು. ಹಜ್ರತ್ ಉಮರ್(ರ) ಅವರ ಪುತ್ರ ಅಬ್ದುಲ್ಲಾ(ರ) ಆಗಿನ್ನೂ ಕಿರಿಯರು. ಅದು ಖರ್ಜೂರದ ಮರವಿರಬೇಕೆಂದು ಅವರ ಮನಸ್ಸಿಗೆ ಹೊಳೆಯಿತು. ಆದರೆ ಹಜ್ರತ್ ಅಬೂಬಕರ್(ರ) ಮತ್ತು ಉಮರ್(ರ) ಅವರಂತಹ ಹಿರಿಯರೇ ಮೌನವಾಗಿರುವಾಗ ಬಾಯಿ ತೆರೆಯಲು ಅವರಿಗೆ ಸಂಕೋಚವಾಯಿತು. ಕೊನೆಗೆ ಪ್ರವಾದಿವರ್ಯರೇ(ಸ) ಉತ್ತರ ಹೇಳಿದರು. ಅದು ಖರ್ಜೂರದ ಮರವೇ ಆಗಿತ್ತು. ಬಳಿಕ ಅಬ್ದುಲ್ಲಾ(ರ) ಈ ವಿಷಯವನ್ನು ತಂದೆಗೆ ತಿಳಿಸಿದಾಗ ಅವರು ಏನೆಂದರು? ದೊಡ್ಡವರ ಮುಂದೆ ಸುಮ್ಮನಿದ್ದುದು ಒಳ್ಳೆಯದಾಯಿತು ಎನ್ನಲಿಲ್ಲ. ನೀನು ಅದನ್ನು ಹೇಳಿದ್ದರೆ ಎಷ್ಟೋ ಸಂಪತ್ತು ದೊರೆತುದಕ್ಕಿಂತ ಹೆಚ್ಚಿನ ಸಂತೋಷ ನನಗಾಗುತ್ತಿತ್ತು ಎಂಬರ್ಥದ ಮಾತನ್ನು ಹೇಳಿದರು.

ಈ ಹದೀಸನ್ನು ನಾವೆಲ್ಲರೂ ಕೇಳಿದ್ದೇವೆ. ಖರ್ಜೂರದ ಮರಕ್ಕೂ ವಿಶ್ವಾಸಿಗೂ ಇರುವ ಸಾಮ್ಯದ ಬಗ್ಗೆ ಪ್ರವಚನಗಳನ್ನೂ ಕೇಳಿದ್ದೇವೆ. ಆದರೆ ಅದರಲ್ಲಿ ಅಡಗಿರುವ ಶಿಕ್ಷಣದ ಪಾಠವನ್ನು ಗಮನಿಸಿದ್ದೇವೆಯೇ? ಪ್ರವಾದಿವರ್ಯರು(ಸ) ಆ ಹೋಲಿಕೆಯನ್ನು ನೇರವಾಗಿ ಹೇಳಿ ಮುಗಿಸಬಹುದಿತ್ತು. ಹಾಗೆ ಮಾಡದೆ ಕೇಳುಗರ ಮನಸ್ಸು ಮೊದಲು ತಾನೇ ಹುಡುಕಾಡುವಂತೆ ಮಾಡಿದರು. ಇತ್ತ ತಂದೆಯಾದ ಉಮರ್(ರ) ಮಗನ ಮೌನವನ್ನು ವಿನಯವೆಂದು ಹೊಗಳಲಿಲ್ಲ. ಇಂದು ನಮ್ಮ ಮನೆ, ಮದ್ರಸಾ, ಶಾಲೆಗಳಲ್ಲಿ ಈ ಎರಡೂ ವಿರಳವಾಗಿವೆ. ಇಂದಿನ ನಮ್ಮ ಮಾತು ಇದರ ಕುರಿತೇ.

ವಿದ್ಯಾರ್ಥಿಯೇ ಮುನ್ನಡೆಸುವ ಕಲಿಕೆಯ ಬಗ್ಗೆ ಈಚೆಗೆ ಬಹಳ ಚರ್ಚೆಯಿದೆ. ಇದು ಪಾಶ್ಚಾತ್ಯರ ಹೊಸ ಶೋಕಿ ಎಂದು ಕೆಲವರು ತಳ್ಳಿಹಾಕುತ್ತಾರೆ. ಇನ್ನು ಮುಂದೆ ಅಧ್ಯಾಪಕರೇ ಬೇಡ ಎಂದು ಕೆಲವರು ಸಂಭ್ರಮಿಸುತ್ತಾರೆ. ನಮ್ಮ ದೃಷ್ಟಿಯಲ್ಲಿ ಇಬ್ಬರೂ ತಪ್ಪಿದ್ದಾರೆ.

ತಕ್ರಾರ್ ಮತ್ತು ತಕರಾರು

ನಾವು ಬಾಲ್ಯದಲ್ಲಿ ಮೊಹಲ್ಲಾದ ಮಕ್ತಬ್‌ಗೆ ಹೋಗುತ್ತಿದ್ದೆವು. ಒಂದು ದಿನ ತಯಮ್ಮುಮ್‌ನ ಪಾಠ ನಡೆಯುತ್ತಿತ್ತು. ನೀರಿಲ್ಲದಾಗ ಮಣ್ಣಿನಿಂದ ಮುಖ, ಕೈಗಳನ್ನು ಸವರಿಕೊಳ್ಳಬೇಕೆಂದು ಉಸ್ತಾದರು ಹೇಳಿದರು. ಮಣ್ಣು ತಾಗಿದರೆ ಮುಖ ಇನ್ನಷ್ಟು ಕೊಳೆಯಾಗುವುದಿಲ್ಲವೇ ಎಂದು ಕೇಳಿದೆವು. ಮಕ್ಕಳೆಲ್ಲ ನಕ್ಕರು. ಅಧಿಕಪ್ರಸಂಗವೆಂದು ಅಂಗೈಗೆ ಎರಡು ಬೆತ್ತದ ಏಟು ಬಿತ್ತು. ಆ ಉಸ್ತಾದರು ಕೆಟ್ಟವರಾಗಿರಲಿಲ್ಲ. ಅವರು ಕಲಿತ ಬಗೆಯೂ ಅದೇ ಆಗಿತ್ತು. ಆದರೆ ಆ ಬಳಿಕ ಅಲ್ಲಿ ನಾವು ಇನ್ನೊಂದು ಪ್ರಶ್ನೆ ಕೇಳಿದ ನೆನಪಿಲ್ಲ.

ಕೆಲವು ವರ್ಷಗಳ ನಂತರ ದೊಡ್ಡ ಮದ್ರಸಾವೊಂದಕ್ಕೆ ಸೇರಿದೆವು. ಹೊರಗಿನವರಿಗೆ ಮದ್ರಸಾ ಎಂದರೆ ಅಲುಗಾಡುತ್ತಾ ಕಂಠಪಾಠ ಮಾಡುವ ಮಕ್ಕಳ ಚಿತ್ರವಷ್ಟೇ ನೆನಪಾಗುತ್ತದೆ. ಆದರೆ ಮೇಲಿನ ತರಗತಿಗಳ ಕಲಿಕೆಯ ಕ್ರಮವೇ ಬೇರೆ. ಅದರಲ್ಲಿ ಮೂರು ಹಂತಗಳಿವೆ. ಮೊದಲನೆಯದು ಮುತಾಲಆ. ನಾಳೆಯ ಪಾಠವನ್ನು ವಿದ್ಯಾರ್ಥಿ ಇಂದು ರಾತ್ರಿಯೇ ತಾನಾಗಿ ಓದಬೇಕು. ಅಂಚಿನ ಟಿಪ್ಪಣಿಗಳನ್ನು ನೋಡಿ ಅರ್ಥ ಹುಡುಕಬೇಕು. ತನಗೆ ಎಲ್ಲಿ ತೊಡಕಾಯಿತು ಎಂಬುದನ್ನು ಗುರುತಿಸಿಟ್ಟುಕೊಳ್ಳಬೇಕು. ಎರಡನೆಯದು ಸಬಕ್. ತರಗತಿಯಲ್ಲಿ ಅರಬಿ ಪಠ್ಯವನ್ನು ಮೊದಲು ಓದುವವನು ಉಸ್ತಾದನಲ್ಲ, ವಿದ್ಯಾರ್ಥಿ. ಅವನು ಜೇರ್, ಜಬರ್ ತಪ್ಪಿದರೆ ಉಸ್ತಾದರು ತಡೆದು, ಇಲ್ಲಿ ಹೀಗೇಕೆ ಓದಿದೆ ಎಂದು ಕೇಳುತ್ತಾರೆ. ಆ ಬಳಿಕವೇ ವಿವರಣೆ. ಮೂರನೆಯದು ತಕ್ರಾರ್. ಇಶಾ ನಮಾಝಿನ ನಂತರ ಐದಾರು ವಿದ್ಯಾರ್ಥಿಗಳು ವೃತ್ತಾಕಾರದಲ್ಲಿ ಕುಳಿತುಕೊಳ್ಳುತ್ತಾರೆ. ಅವರಲ್ಲೊಬ್ಬ ಅಂದಿನ ಪಾಠವನ್ನು ಆರಂಭದಿಂದ ಕೊನೆಯವರೆಗೆ ಉಳಿದವರಿಗೆ ಬೋಧಿಸುತ್ತಾನೆ. ಉಳಿದವರು ಅವನನ್ನು ನಿಲ್ಲಿಸಿ ನಿಲ್ಲಿಸಿ ಪ್ರಶ್ನಿಸುತ್ತಾರೆ. ಅಲ್ಲಿ ಉಸ್ತಾದರಿರುವುದಿಲ್ಲ.

ತಕ್ರಾರ್ ಎಂಬ ಅರಬಿ ಪದದ ಅರ್ಥ ಪುನರಾವರ್ತನೆ. ಅದೇ ಪದ ಉರ್ದುವಿನಲ್ಲಿ ವಾಗ್ವಾದವಾಗಿ, ನಮ್ಮ ಕನ್ನಡಕ್ಕೆ ಬಂದು ತಕರಾರು ಎಂದಾಗಿದೆ. ಆ ರಾತ್ರಿಗಳಲ್ಲಿ ನಮಗೆ ಈ ಎರಡೂ ಅರ್ಥಗಳು ಒಟ್ಟಿಗೇ ದೊರೆಯುತ್ತಿದ್ದವು. ಪುನರಾವರ್ತನೆಯೂ ಇತ್ತು, ತಕರಾರೂ ಇತ್ತು. ಫಿಕ್ಹ್‌ನ ಪಾಠದಲ್ಲಿ ತಯಮ್ಮುಮ್‌ನ ಅಧ್ಯಾಯ ಬಂದಾಗ ನಾವು ಹಳೆಯ ಪ್ರಶ್ನೆಯನ್ನು ಅಂಜುತ್ತಲೇ ಕೇಳಿದೆವು. ಯಾರೂ ನಗಲಿಲ್ಲ. ತರಗತಿಯಲ್ಲಿ ತುಟಿ ಬಿಚ್ಚದ ಒಬ್ಬ ಗೆಳೆಯ ಅಂದು ಮಾತನಾಡಿದ. ಕೊಳೆ ತೊಳೆಯುವುದು ಬೇರೆ, ಶುದ್ಧಿಯಾಗುವುದು ಬೇರೆ. ಮಣ್ಣಿನಿಂದ ಬಂದ ಮನುಷ್ಯ ಮಣ್ಣಿಗೆ ಮುಖವೊಡ್ಡಿ ತಾನು ಆಜ್ಞೆಗೆ ಶರಣಾಗಿದ್ದೇನೆಂದು ಒಪ್ಪಿಕೊಳ್ಳುವುದೇ ಅಲ್ಲಿನ ಶುದ್ಧಿ ಎಂದು ಅವನು ವಿವರಿಸಿದ. ಅವನ ವಿವರಣೆಗೂ ತಕರಾರುಗಳು ಬಂದವು. ಮಾತು ಮಧ್ಯರಾತ್ರಿಯವರೆಗೆ ಸಾಗಿತು. ಎರಡು ಏಟಿನಿಂದ ಮುಚ್ಚಿದ್ದ ಬಾಗಿಲು ಅಂದು ತೆರೆಯಿತು.

ಮದ್ರಸಾದಿಂದ ಹೊರಬಂದು ನಾವು ಕಲಾ ಪದವಿಗೆ ಸೇರಿದೆವು. ಆಧುನಿಕ ಶಿಕ್ಷಣದಲ್ಲಿ ಚರ್ಚೆ, ಸಂವಾದಗಳು ಇನ್ನೂ ಹೆಚ್ಚಿರುತ್ತವೆ ಎಂಬ ನಿರೀಕ್ಷೆಯಿತ್ತು. ವಿಪರ್ಯಾಸವೆಂದರೆ, ಅಲ್ಲಿ ಉಪನ್ಯಾಸಕರು ಹಳೆಯ ನೋಟ್ಸ್ ಪುಸ್ತಕವನ್ನು ಓದಿ ಹೇಳುತ್ತಿದ್ದರು, ಎಪ್ಪತ್ತು ಮಂದಿ ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದೆವು. ಪರೀಕ್ಷೆಗೆ ಮುನ್ನ ಗೈಡ್ ಕೊಂಡು ಓದಿ ಪಾಸಾದೆವು. ಆ ನೋಟ್ಸ್‌ನ ಒಂದು ಪುಟವೂ ಇಂದು ನೆನಪಿಲ್ಲ. ತಕ್ರಾರ್‌ನಲ್ಲಿ ಇನ್ನೊಬ್ಬನಿಗೆ ವಿವರಿಸಿದ ಪಾಠಗಳು ಮಾತ್ರ ಇಂದಿಗೂ ಉಳಿದಿವೆ. ಏಕೆಂದರೆ, ಇನ್ನೊಬ್ಬನಿಗೆ ಹೇಳಲು ಹೊರಟಾಗಲೇ ನಮಗೆ ಏನು ಗೊತ್ತಿಲ್ಲ ಎಂಬುದು ನಮಗೆ ಗೊತ್ತಾಗುತ್ತದೆ.

ಮರೆತುಹೋದ ಪರಂಪರೆ

ಇದು ನಮ್ಮ ಪರಂಪರೆಗೆ ಹೊಸತಲ್ಲ. ಪವಿತ್ರ ಕುರ್‌ಆನ್ ಜನರು ಕೇಳಿದ ಪ್ರಶ್ನೆಗಳನ್ನು ಪದೇ ಪದೇ ಉಲ್ಲೇಖಿಸಿ ಅವುಗಳಿಗೆ ಉತ್ತರಿಸುತ್ತದೆ. ಜಿಬ್ರೀಲ್(ಅ) ಅಪರಿಚಿತ ವ್ಯಕ್ತಿಯ ರೂಪದಲ್ಲಿ ಬಂದು ಇಸ್ಲಾಮ್, ಈಮಾನ್, ಇಹ್ಸಾನ್‌ಗಳ ಕುರಿತು ಪ್ರಶ್ನಿಸಿ ಹೋದ ಪ್ರಸಂಗ ಪ್ರಸಿದ್ಧವಾಗಿದೆ. ಅವರು ನಿಮಗೆ ನಿಮ್ಮ ಧರ್ಮವನ್ನು ಕಲಿಸಲು ಬಂದಿದ್ದರು ಎಂದು ಪ್ರವಾದಿವರ್ಯರು(ಸ) ಆ ನಂತರ ತಿಳಿಸಿದರು. ಜಿಬ್ರೀಲ್(ಅ) ಅಲ್ಲಿ ಮಾಡಿದ್ದು ಪ್ರಶ್ನೆ ಕೇಳುವ ಕೆಲಸ. ಅಂದರೆ, ಒಳ್ಳೆಯ ಪ್ರಶ್ನೆಯೂ ಒಂದು ಬೋಧನೆಯೇ. ಇಮಾಮ್ ಅಬೂ ಹನೀಫಾ(ರಹ್) ಅವರ ಹಲ್ಕಾದಲ್ಲಿ ಒಂದೊಂದು ಮಸ್‌ಅಲಾ ಶಿಷ್ಯರ ಮುಂದೆ ಚರ್ಚೆಗೆ ಬರುತ್ತಿತ್ತು. ಅವರ ಶಿಷ್ಯರಾದ ಇಮಾಮ್ ಅಬೂ ಯೂಸುಫ್ ಮತ್ತು ಇಮಾಮ್ ಮುಹಮ್ಮದ್ ಅನೇಕ ವಿಷಯಗಳಲ್ಲಿ ಗುರುವಿನಿಂದ ಭಿನ್ನ ಅಭಿಪ್ರಾಯ ತಳೆದರು. ಆ ಭಿನ್ನಾಭಿಪ್ರಾಯಗಳು ಹನಫಿ ಗ್ರಂಥಗಳಲ್ಲಿ ಇಂದಿಗೂ ಗೌರವದಿಂದ ದಾಖಲಾಗಿವೆ. ಗುರುವನ್ನು ಪ್ರಶ್ನಿಸುವುದು ಅನಾದರವೆಂದು ಅಲ್ಲಿ ಯಾರೂ ಭಾವಿಸಲಿಲ್ಲ.

1377ರಲ್ಲಿ ಇಬ್ನು ಖಲ್ದೂನ್ ತಮ್ಮ 'ಮುಕದ್ದಿಮಾ' ಗ್ರಂಥವನ್ನು ಬರೆದರು. ಅದರಲ್ಲಿ ತಮ್ಮ ಕಾಲದ ಮೊರೊಕ್ಕೋದ ಮದ್ರಸಾಗಳ ಬಗ್ಗೆ ಅವರು ಮಾಡಿರುವ ಟೀಕೆ ನಮಗೆ ಇಂದೂ ಅನ್ವಯಿಸುತ್ತದೆ. ಅಲ್ಲಿನ ವಿದ್ಯಾರ್ಥಿಗಳು ಜೀವನದ ಬಹುಭಾಗವನ್ನು ಪಾಠದ ಸಭೆಗಳಲ್ಲಿ ಕಳೆದರೂ ಬಾಯಿ ತೆರೆಯುವುದಿಲ್ಲ, ಚರ್ಚೆಗೆ ಇಳಿಯುವುದಿಲ್ಲ, ಅಗತ್ಯಕ್ಕಿಂತ ಹೆಚ್ಚು ಕಂಠಪಾಠದಲ್ಲಿ ತೊಡಗುತ್ತಾರೆ. ಹೀಗಾಗಿ ಅವರಿಗೆ ವಿದ್ಯೆಯಲ್ಲಿ ಪರಿಣತಿ ಉಂಟಾಗುವುದಿಲ್ಲ ಎನ್ನುತ್ತಾರೆ ಅವರು. ಟ್ಯುನೀಸ್‌ನಲ್ಲಿ ಮದ್ರಸಾ ವಾಸದ ಅವಧಿ 5 ವರ್ಷವಿದ್ದರೆ ಮೊರೊಕ್ಕೋದಲ್ಲಿ 16 ವರ್ಷವಿತ್ತು. ಬೋಧನೆ ಕಳಪೆಯಾದುದೇ ಈ ದೀರ್ಘ ಅವಧಿಗೆ ಕಾರಣವೆಂದು ಅವರು ಗುರುತಿಸಿದರು. ವಿದ್ಯಾರ್ಥಿಗಳ ಮೇಲಿನ ಕಠೋರತೆ ಅವರ ಉತ್ಸಾಹವನ್ನು ಕುಂದಿಸಿ, ಸುಳ್ಳು ಮತ್ತು ಕಪಟವನ್ನು ಕಲಿಸುತ್ತದೆಂದೂ ಅವರು ಎಚ್ಚರಿಸಿದ್ದರು. ನೆನಪಿಡಿ, ಇದನ್ನು ಬರೆದವರು ಆಧುನಿಕ ಮನಶ್ಶಾಸ್ತ್ರಜ್ಞರಲ್ಲ. 14ನೇ ಶತಮಾನದ ಒಬ್ಬ ಕಾಝಿ.

ನಮ್ಮ ದೇಶದ ದರ್ಸೆ ನಿಝಾಮಿ ಪಠ್ಯಕ್ರಮ ಲಕ್ನೋದ ಫರಂಗಿ ಮಹಲ್‌ನ ಮುಲ್ಲಾ ನಿಝಾಮುದ್ದೀನ್ ಅವರ ಹೆಸರಿನಲ್ಲಿದೆ. ಅವರು 1748ರಲ್ಲಿ ನಿಧನರಾದರು. ಚಿಕ್ಕದಾದರೂ ಕಠಿಣವಾದ ಗ್ರಂಥಗಳನ್ನು ಬಗೆದು ಓದಲು ಕಲಿತವನು ಮುಂದೆ ಯಾವ ಗ್ರಂಥವನ್ನಾದರೂ ತಾನೇ ಓದಿ ಅರ್ಥಮಾಡಿಕೊಳ್ಳಬಲ್ಲ ಎಂಬುದು ಅದರ ಹಿಂದಿದ್ದ ಉದ್ದೇಶ. ಕಾಲಾಂತರದಲ್ಲಿ ಆ ಗ್ರಂಥಗಳೇ ಗುರಿಯಾದವು, ಉದ್ದೇಶ ಮರೆಯಾಯಿತು. ಮೇಲಿನ ತರಗತಿಗಳಲ್ಲಿ ಉಳಿದ ತಕ್ರಾರ್ ಎಳೆಯ ಮಕ್ಕಳ ಮಕ್ತಬ್‌ಗೆ ಇಳಿದು ಬರಲೇ ಇಲ್ಲ. ಅಲ್ಲಿ ಪುನರಾವರ್ತನೆ ಉಳಿಯಿತು, ತಕರಾರು ಹೋಯಿತು.

ಇದು ಕೇವಲ ಮದ್ರಸಾಗಳ ಸಮಸ್ಯೆಯಲ್ಲ. 2006ರ ಸಾಚಾರ್ ಸಮಿತಿ ವರದಿಯ ಪ್ರಕಾರ ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಾಗಳಲ್ಲಿ ಕಲಿಯುತ್ತಿದ್ದವರು ಶೇ. 4ರಷ್ಟು ಮಾತ್ರ. ಅದೇ ವರದಿಯಲ್ಲಿ 6ರಿಂದ 14 ವರ್ಷದೊಳಗಿನ ಮುಸ್ಲಿಮ್ ಮಕ್ಕಳ ಪೈಕಿ ಶೇ. 25ರಷ್ಟು ಮಂದಿ ಒಂದೋ ಶಾಲೆಯ ಮುಖವನ್ನೇ ನೋಡಿರಲಿಲ್ಲ, ಇಲ್ಲವೇ ಅರ್ಧದಲ್ಲೇ ಬಿಟ್ಟಿದ್ದರು. ಮಗು ಶಾಲೆ ಬಿಡಲು ಬಡತನ ಕಾರಣ, ಆಡಳಿತದ ನಿರ್ಲಕ್ಷ್ಯ ಕಾರಣ, ಹತ್ತಿರದಲ್ಲಿ ಶಾಲೆಯಿಲ್ಲದಿರುವುದೂ ಕಾರಣ. ಇವನ್ನು ನಾವು ಸರಕಾರದ ಮುಂದೆ ಎತ್ತಲೇಬೇಕು. ಆದರೆ, ತರಗತಿಯ ಕೊನೆಯ ಬೆಂಚಿನಲ್ಲಿ ಅರ್ಥವಾಗದ ಪಾಠ ಕೇಳುತ್ತಾ, ಕೇಳಲು ಹೆದರುತ್ತಾ, ವರ್ಷಗಟ್ಟಲೆ ಮೌನವಾಗಿ ಕುಳಿತ ಮಗು ಕೊನೆಗೊಂದು ದಿನ ಗ್ಯಾರೇಜಿಗೋ ಅಂಗಡಿಗೋ ಸೇರಿಕೊಳ್ಳುವುದನ್ನೂ ನಾವು ಕಂಡಿದ್ದೇವೆ. ಆ ಮಗು ಶಾಲೆಯನ್ನು ಬಿಡುವ ಎಷ್ಟೋ ಮೊದಲೇ ಶಾಲೆ ಆ ಮಗುವನ್ನು ಬಿಟ್ಟಿರುತ್ತದೆ.

ನಲಿಕಲಿಯ ಪಾಠ

ಬೇರೆ ದಾರಿ ಇದೆಯೇ ಎಂದರೆ, ನಮ್ಮ ರಾಜ್ಯದಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರಕಾರಿ ಶಾಲೆಗಳಲ್ಲಿ ಯುನಿಸೆಫ್ ನೆರವಿನೊಂದಿಗೆ ನಲಿಕಲಿ ಆರಂಭವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ಋಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ತಾವೇ ಕಲಿಕಾ ಕಾರ್ಡುಗಳನ್ನು ರಚಿಸಿದರು. ಪಾಠಗಳ ಬದಲು ಕಲಿಕಾ ಏಣಿ ಬಂತು. ಪ್ರತಿ ಮಗು ತನ್ನ ಮೆಟ್ಟಿಲು ಯಾವುದೆಂದು ತಾನೇ ನೋಡಿಕೊಂಡು ತನ್ನ ವೇಗದಲ್ಲಿ ಏರಬಹುದಿತ್ತು. ಮಕ್ಕಳು ಐದು ತಟ್ಟೆಗಳ ಸುತ್ತ, ಅಂದರೆ ಐದು ಗುಂಪುಗಳಲ್ಲಿ ಕುಳಿತರು. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ ನೆರವು. ಮತ್ತೆರಡು ಗುಂಪುಗಳಿಗೆ ಸಹಪಾಠಿಗಳ ನೆರವು. ಕೊನೆಯ ಗುಂಪು ಸ್ವಂತ ಕಲಿಕೆಯದು. 2009-10ರಿಂದ ಇದನ್ನು ರಾಜ್ಯದ ಸರಕಾರಿ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಲಾಯಿತು.

ಆ ಐದು ತಟ್ಟೆಗಳನ್ನು ನೋಡಿದಾಗ ನಮಗೆ ಮುತಾಲಆ, ಸಬಕ್ ಮತ್ತು ತಕ್ರಾರ್ ನೆನಪಾದವು. ಸ್ವಂತ ಓದು, ಗುರುವಿನ ನೆರವು, ಸಹಪಾಠಿಯ ನೆರವು. ಹೆಸರು ಬೇರೆ, ತತ್ವ ಒಂದೇ.

ಆದರೆ ನಮ್ಮ ಅನೇಕ ಪೋಷಕರ ದೂರೇನು? ಅಲ್ಲಿ ಬರೀ ಆಟವಾಡಿಸುತ್ತಾರೆ, ಹೋಮ್‌ವರ್ಕ್ ಇಲ್ಲ, ಬರೆಸುವುದಿಲ್ಲ ಎಂಬುದು. ಹೀಗೆಂದು ಮಗುವನ್ನು ಬಿಡಿಸಿ, ಸಾಲ ಮಾಡಿ ಆಂಗ್ಲ ಮಾಧ್ಯಮ ಶಾಲೆಗೆ ಸೇರಿಸುತ್ತೇವೆ. ಅಲ್ಲಿ ಮಗು ಅರ್ಥ ತಿಳಿಯದ ಇಂಗ್ಲಿಷ್ ಉತ್ತರಗಳನ್ನು ಬಾಯಿಪಾಠ ಮಾಡುತ್ತದೆ. ಅದನ್ನು ಕೇಳಿ ನಾವು ಹೆಮ್ಮೆಪಡುತ್ತೇವೆ. ಸಂಜೆ ಟ್ಯೂಶನ್‌ನಲ್ಲಿ ಅದೇ ಬಾಯಿಪಾಠ ಮತ್ತೊಮ್ಮೆ ನಡೆಯುತ್ತದೆ. ಇಂಗ್ಲಿಷ್ ಕಲಿಯಬಾರದು ಎಂದು ನಾವು ಹೇಳುತ್ತಿಲ್ಲ. ಯಾವ ಭಾಷೆಯಲ್ಲೇ ಆಗಲಿ, ಅರ್ಥವಾಗದ್ದನ್ನು ಒಪ್ಪಿಸುವುದು ಕಲಿಕೆಯಲ್ಲ ಎಂದಷ್ಟೇ ಹೇಳುತ್ತಿದ್ದೇವೆ.

ಗುರುವಿಲ್ಲದೆ ಸಾಧ್ಯವೇ?

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. 1999ರಲ್ಲಿ ದಿಲ್ಲಿಯ ಕಾಲ್ಕಾಜಿಯಲ್ಲಿ ಸುಗತಾ ಮಿತ್ರಾ ಅವರು ಕೊಳೆಗೇರಿಯ ಪಕ್ಕದ ಗೋಡೆಯಲ್ಲಿ ಕಂಪ್ಯೂಟರೊಂದನ್ನು ಅಳವಡಿಸಿದರು. ಯಾರೂ ಕಲಿಸದಿದ್ದರೂ ಮಕ್ಕಳು ತಾವೇ ಅದನ್ನು ಬಳಸಲು ಕಲಿತರು. ಈ ಪ್ರಯೋಗ ಜಗತ್ಪ್ರಸಿದ್ಧವಾಯಿತು. 2013ರಲ್ಲಿ ಅವರಿಗೆ ಹತ್ತು ಲಕ್ಷ ಡಾಲರ್‌ಗಳ ಟೆಡ್ ಪ್ರಶಸ್ತಿಯೂ ದೊರೆಯಿತು. ಮಕ್ಕಳ ಕುತೂಹಲಕ್ಕೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಇಂತಹ ಕಡೆಗಳಲ್ಲಿ ಆಟಗಳಲ್ಲೇ ಹೆಚ್ಚು ಕಾಲ ಕಳೆಯುತ್ತಿತ್ತು, ದೊಡ್ಡ ಹುಡುಗರು ಮುಂದೆ ನಿಂತು ಹುಡುಗಿಯರು ಹಿಂದೆ ಸರಿಯುತ್ತಿದ್ದರು ಎಂದು ಸಂಶೋಧಕರು ಟೀಕಿಸಿದ್ದಾರೆ. ಎಲ್ಲರಿಗೂ ಸರದಿ ಸಿಗುವಂತೆ ನೋಡಿಕೊಳ್ಳುವ ಹಿರಿಯರೊಬ್ಬರು ಬೇಕೇ ಬೇಕು.

ಇನ್ನೂ ಹಳೆಯ ಉದಾಹರಣೆಯೊಂದಿದೆ. 1789ರಲ್ಲಿ ಮದ್ರಾಸಿನ ಎಗ್ಮೋರ್‌ನಲ್ಲಿ ಸೈನಿಕರ ಅನಾಥ ಗಂಡುಮಕ್ಕಳಿಗಾಗಿ ಶಾಲೆಯೊಂದು ಆರಂಭವಾಯಿತು. ಅದರ ಮೇಲ್ವಿಚಾರಕರಾಗಿದ್ದ ಪಾದ್ರಿ ಆ್ಯಂಡ್ರೂ ಬೆಲ್ ಇಲ್ಲಿನ ಊರಶಾಲೆಯೊಂದರಲ್ಲಿ ಮಕ್ಕಳು ಮರಳ ಮೇಲೆ ಬೆರಳಿನಿಂದ ಅಕ್ಷರ ಬರೆಯುವುದನ್ನು ಕಂಡರು. ಅದನ್ನು ತಮ್ಮ ಶಾಲೆಯಲ್ಲಿ ಅಳವಡಿಸಿ, ಕಲಿತ ಮಗುವೇ ಕಲಿಯುವ ಮಗುವಿಗೆ ಹೇಳಿಕೊಡುವ ಕ್ರಮವನ್ನು ರೂಪಿಸಿದರು. 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿ ಪ್ರಕಟವಾಯಿತು. 'ಮದ್ರಾಸ್ ಪದ್ಧತಿ' ಎಂಬ ಹೆಸರಿನಲ್ಲಿ ಅದು ಬ್ರಿಟನ್ನಿನ ಬಡ ಮಕ್ಕಳ ಶಾಲೆಗಳಿಗೆ ಹಬ್ಬಿತು. ಆದರೆ ಒಬ್ಬ ಅಧ್ಯಾಪಕನಿಂದ ನೂರಾರು ಮಕ್ಕಳನ್ನು ಕಡಿಮೆ ಖರ್ಚಿನಲ್ಲಿ ನಿಭಾಯಿಸುವುದೇ ಅಲ್ಲಿ ಮುಖ್ಯವಾಯಿತು. ದೊಡ್ಡ ಮಕ್ಕಳು ಚಿಕ್ಕವರಿಂದ ಕವಾಯತಿನಂತೆ ಪಾಠ ಹೇಳಿಸತೊಡಗಿದರು. 19ನೇ ಶತಮಾನದ ಮಧ್ಯದ ಹೊತ್ತಿಗೆ ಅದು ಹಿಂದೆ ಸರಿಯಿತು. ಸ್ವಂತ ಯೋಚನೆಗೆ, ಪ್ರಶ್ನೆಗೆ ಅಲ್ಲಿ ಜಾಗವಿರಲಿಲ್ಲ.

ಆದ್ದರಿಂದ, ಮಕ್ಕಳು ಮಕ್ಕಳಿಗೆ ಕಲಿಸುವುದು ಅಧ್ಯಾಪಕರ ಹುದ್ದೆಗಳನ್ನು ಖಾಲಿಯಿಡಲು ಸರಕಾರಕ್ಕೆ ಸಿಗುವ ನೆಪವಾಗಬಾರದು. ಹಾಗೆಯೇ, ಮನೆಯಲ್ಲೇ ಕಲಿಯಬಹುದಲ್ಲ ಎಂದು ಹೆಣ್ಣುಮಕ್ಕಳನ್ನು ಶಾಲೆಯಿಂದ ಬಿಡಿಸಲು ನಮಗೆ ಸಿಗುವ ನೆಪವೂ ಆಗಬಾರದು. 2022ರಲ್ಲಿ ನಮ್ಮ ರಾಜ್ಯದ ಎಷ್ಟೋ ಹೆಣ್ಣುಮಕ್ಕಳು ಶಿರವಸ್ತ್ರದ ಕಾರಣಕ್ಕೆ ತರಗತಿಯ ಹೊರಗೆ ನಿಲ್ಲಬೇಕಾಯಿತು. ಅವರ ಬೇಡಿಕೆ ತಮ್ಮನ್ನು ಒಳಗೆ ಬಿಡಿ ಎಂಬುದಾಗಿತ್ತು, ಮನೆಗೆ ಕಳಿಸಿ ಎಂಬುದಲ್ಲ. ಪ್ರವಾದಿವರ್ಯರ(ಸ) ಕಾಲದಲ್ಲಿ ಮಹಿಳೆಯರು ತಮಗೂ ಒಂದು ದಿನವನ್ನು ಮೀಸಲಿಡಬೇಕೆಂದು ಕೇಳಿದಾಗ ಅವರು ಅದನ್ನು ಒಪ್ಪಿ ದಿನ ಗೊತ್ತುಪಡಿಸಿದರು. ಧರ್ಮವನ್ನು ಅರಿಯಲು ನಾಚಿಕೆ ಅಡ್ಡಬಾರದ ಅನ್ಸಾರಿ ಮಹಿಳೆಯರನ್ನು ಹಜ್ರತ್ ಆಯಿಶಾ(ರ) ಪ್ರಶಂಸಿಸಿದರು. ಕಲಿಕೆಯನ್ನು ಕೇಳಿ ಪಡೆದ ಸ್ತ್ರೀಯರ ಪರಂಪರೆ ನಮ್ಮದು.

ನಾವೇನು ಮಾಡಬಹುದು?

ಇದಕ್ಕೆ ದೊಡ್ಡ ಕಟ್ಟಡ ಬೇಡ, ನಿಧಿಯೂ ಬೇಡ.

ಮನೆಯಲ್ಲಿ, ಮಗು ಶಾಲೆಯಿಂದ ಬಂದಾಗ ಎಷ್ಟು ಅಂಕ ಬಂತು ಎಂದು ಕೇಳುವ ಬದಲು, ಇಂದು ಏನು ಪ್ರಶ್ನೆ ಕೇಳಿದೆ ಎಂದು ಕೇಳೋಣ. ಅಮ್ಮನಿಗೆ ಈ ಪಾಠ ಗೊತ್ತಿಲ್ಲ, ಸ್ವಲ್ಪ ಹೇಳಿಕೊಡು ಎಂದು ತಾಯಿ ಕೇಳಲಿ. ಓದಲು ಬಾರದ ತಾಯಿಯೂ ಇದನ್ನು ಮಾಡಬಲ್ಲಳು. ಬಹುಶಃ ಅವಳೇ ಚೆನ್ನಾಗಿ ಮಾಡಬಲ್ಲಳು. ಏಕೆಂದರೆ ಅವಳಿಗೆ ಅರ್ಥವಾಗುವಂತೆ ಹೇಳಬೇಕಾದರೆ ಮಗು ತಾನು ಮೊದಲು ಅರ್ಥಮಾಡಿಕೊಳ್ಳಲೇಬೇಕು.

ಮಕ್ತಬ್‌ನಲ್ಲಿ, ದಿನದ ಕೊನೆಯ ಹದಿನೈದು ನಿಮಿಷಗಳನ್ನು ತಕ್ರಾರ್‌ಗೆ ಮೀಸಲಿಡೋಣ. ನಾಲ್ಕು ನಾಲ್ಕು ಮಕ್ಕಳು ಕುಳಿತು ಒಬ್ಬರಿಗೊಬ್ಬರು ಪಾಠ ಹೇಳಲಿ. ಪ್ರತಿದಿನ ಬೇರೆ ಬೇರೆ ಮಗುವಿಗೆ ಸರದಿ ಬರಲಿ, ಜಾಣನಿಗಷ್ಟೇ ಅಲ್ಲ. ಉಸ್ತಾದರು ಸುತ್ತಾಡುತ್ತಾ ಕಿವಿಗೊಡಲಿ. ತನಗೆ ಗೊತ್ತಿಲ್ಲದ ಪ್ರಶ್ನೆ ಬಂದರೆ, ನಾಳೆ ನೋಡಿ ಹೇಳುತ್ತೇನೆ ಎನ್ನಲಿ. ಅದರಿಂದ ಅವರ ಗೌರವ ಕುಗ್ಗದು. ಬೆತ್ತವನ್ನಂತೂ ಇಂದೇ ಹೊರಗಿಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು, ಮಗು ಭಯವಿಲ್ಲದೆ ಶೋಧಿಸುತ್ತಾ ಕಲಿಯಬೇಕೆಂದಿತು. 2012ರ ತಿದ್ದುಪಡಿ ಮದ್ರಸಾಗಳನ್ನು ಆ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿಟ್ಟಿತು. ಕಾಯ್ದೆ ನಮಗೆ ಅನ್ವಯಿಸದಿರಬಹುದು. ಆದರೆ ಮಕ್ಕಳ ಮೇಲೆ ಕರುಣೆ ತೋರದವರು ನಮ್ಮವರಲ್ಲ ಎಂಬ ಪ್ರವಾದಿ ಬೋಧನೆಯಿಂದ ಹೊರಗುಳಿಯಲು ನಮಗೆ ಯಾವ ತಿದ್ದುಪಡಿಯೂ ಇಲ್ಲ.

ಜಮಾಅತ್‌ಗಳು ಮಗ್ರಿಬ್ ಮತ್ತು ಇಶಾದ ನಡುವಿನ ಸಮಯದಲ್ಲಿ ಹೈಸ್ಕೂಲ್ ಮಕ್ಕಳಿಗಾಗಿ ಮಸೀದಿಯ ಒಂದು ಕೋಣೆಯನ್ನು ತೆರೆದಿಡಲಿ. ಗಣಿತ ಬಲ್ಲವನು ಗಣಿತ, ಕನ್ನಡ ಬಲ್ಲವಳು ಕನ್ನಡ ಹೇಳಿಕೊಡಲಿ. ಹೆಣ್ಣುಮಕ್ಕಳಿಗೆ ಅಷ್ಟೇ ಅನುಕೂಲದ ಜಾಗ, ಅಷ್ಟೇ ಸಮಯ ದೊರೆಯಲಿ. ಕಾಲೇಜು ಕಲಿತ ಒಬ್ಬ ಯುವಕ ಅಥವಾ ಯುವತಿ ಬಳಿಯಲ್ಲಿರಲಿ. ಟ್ಯೂಶನ್ ಶುಲ್ಕ ಕೊಡಲಾಗದ ಮನೆಯ ಮಗುವಿಗೆ ಆ ಕೋಣೆಯೇ ಆಸರೆಯಾದೀತು. ನೆರೆಹೊರೆಯ ಇತರ ಸಮುದಾಯಗಳ ಮಕ್ಕಳು ಬಂದರೆ ಅವರಿಗೂ ಬಾಗಿಲು ತೆರೆದಿರಲಿ.

ಬಂಧುಗಳೇ, ಮತ್ತೆ ಆ ಖರ್ಜೂರದ ಮರಕ್ಕೆ ಬರೋಣ. ಅಂದು ಮೌನ ತಾಳಿದ ಅಬ್ದುಲ್ಲಾ ಇಬ್ನು ಉಮರ್(ರ) ಮುಂದೆ ಅತಿ ಹೆಚ್ಚು ಹದೀಸ್‌ಗಳನ್ನು ವರದಿ ಮಾಡಿದ ಸಹಾಬಿಗಳಲ್ಲಿ ಒಬ್ಬರಾದರು. ಈ ಪ್ರಸಂಗವನ್ನು ನಮಗೆ ತಲುಪಿಸಿದವರೂ ಅವರೇ. ತಾನು ಹೇಳಬೇಕಾಗಿದ್ದ ಒಂದು ಮಾತನ್ನು ಹೇಳದೆ ಹೋದುದು ಅವರಿಗೆ ಕೊನೆಯವರೆಗೂ ನೆನಪಿತ್ತು. ತಂದೆ ಅಂದು ಹೇಳಿದ ಮಾತೂ ನೆನಪಿತ್ತು. ನಮ್ಮ ಮಕ್ಕಳೂ ದೊಡ್ಡವರಾದ ಮೇಲೆ ನಾವು ಆಡಿದ ಮಾತನ್ನು ನೆನಪಿಟ್ಟುಕೊಳ್ಳುತ್ತಾರೆ. ಸುಮ್ಮನಿರು ಎಂಬುದು ಆ ಮಾತಾಗದಿರಲಿ. ನೀನು ಹೇಳಿದ್ದರೆ ನನಗೆ ಎಷ್ಟು ಸಂತೋಷವಾಗುತ್ತಿತ್ತು ಎಂಬುದಾಗಿರಲಿ.

ಅಲ್ಲಾಹನು ನಮ್ಮೆಲ್ಲರ ಜ್ಞಾನವನ್ನು ಹೆಚ್ಚಿಸಲಿ. ವಸ್ಸಲಾಮ್.